ಅಧ್ಯಕ್ಷರ ಡಾಂಗಲ್ ಯಾರ ಕಿಸೆಯಲ್ಲಿದೆ? ಬಡವರ ಮತ, ಬಡವರ ಅಧಿಕಾರ

ಕೆರೆಕೋಡಿ:

ನಾನು ಮಲೆನಾಡಿನ ಸೆರಗಿನಲ್ಲಿರುವ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಎಂದರೆ ಗ್ರಂಥಾಲಯದಲ್ಲಿ, ಮೇಲ್ವಿಚಾರಕನಾಗಿದ್ದೇನೆ. ಗ್ರಂಥಾಲಯವೂ ಪಂಚಾಯಿತಿ ಕಚೇರಿಯೂ ಒಂದೇ ಸೂರಿನಡಿ ಇರುವುದರಿಂದ, ಪತ್ರಿಕೆ ಜೋಡಿಸುತ್ತ ಕುಳಿತವನ ಕಣ್ಣಿಗೆ ಪಕ್ಕದ ಕೋಣೆಯ ವ್ಯವಹಾರವೂ ಬೀಳುತ್ತಲೇ ಇರುತ್ತದೆ. 2020ರ ಡಿಸೆಂಬರಿನಲ್ಲಿ ಚುನಾವಣೆ ಮುಗಿದ ಮೇಲೆ ನಮ್ಮ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಮೊದಲ ಅವಧಿಗೆ ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾಯಿತು. ಆ ವರ್ಗದಿಂದ ಗೆದ್ದಿದ್ದವರು ಒಬ್ಬರೇ ಇದ್ದುದರಿಂದ, ಅಡಿಕೆ ತೋಟದಲ್ಲಿ ಕೂಲಿ ಮಾಡುವ ಹೆಣ್ಣುಮಗಳೊಬ್ಬರು ಅವಿರೋಧವಾಗಿ ಅಧ್ಯಕ್ಷರಾದರು. ಅವರು ಕೂಲಿ ಮಾಡುವ ತೋಟದ ಯಜಮಾನರೂ ಅದೇ ಪಂಚಾಯಿತಿಯ ಸದಸ್ಯರು. ಅದಕ್ಕೆ ಹಿಂದಿನ ಅವಧಿಯಲ್ಲಿ ಅವರೇ ಅಧ್ಯಕ್ಷರಾಗಿದ್ದವರು.

ಪಂಚಾಯಿತಿಯ ಖಾತೆಯಿಂದ ಬಿಲ್ಲು ಪಾವತಿಯಾಗಬೇಕಾದರೆ ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇಬ್ಬರ ಡಿಜಿಟಲ್ ಸಹಿಯೂ ಬೇಕು ಎಂಬುದು ನಿಮಗೆ ಗೊತ್ತಿರಬಹುದು. ಆ ಸಹಿ ಇರುವುದು ಕಂಪ್ಯೂಟರಿಗೆ ಸಿಕ್ಕಿಸುವ ಬೆರಳುದ್ದದ ಒಂದು ಡಾಂಗಲ್ಲಿನಲ್ಲಿ. ಮೊದಲ ತಿಂಗಳಲ್ಲಿಯೇ ಆ ಡಾಂಗಲ್ ಯಜಮಾನರ ಅಂಗಿಯ ಕಿಸೆ ಸೇರಿತು. ಅವರು ಕಚೇರಿಯೊಳಗೆ ಬಂದರೆ ಅಧ್ಯಕ್ಷರು ತಮ್ಮ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ಏಳಬೇಕೆಂದು ಯಾರೂ ಹೇಳಿರಲಿಲ್ಲ, ಏಳಬೇಡಿ ಎಂದೂ ಯಾರೂ ಹೇಳಲಿಲ್ಲ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಕೊಟ್ಟ ಎಚ್ಚರಿಕೆ ಇದೇ ಅಲ್ಲವೇ? ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ, ಹೀಗೆ ಒಂದಕ್ಕೊಂದು ಒಗ್ಗದ ಬಾಳಿಗೆ ನಾವು ಕಾಲಿಡುತ್ತಿದ್ದೇವೆ ಎಂದು ಅವರು ಹೇಳಿದ್ದರು. ಮತ, ಮೀಸಲಾತಿ, ಕುರ್ಚಿ ಎಲ್ಲವೂ ಬಂದ ಮೇಲೆಯೂ ಸಹಿ ಮಾತ್ರ ಇನ್ನೊಬ್ಬರ ಕಿಸೆಯಲ್ಲಿ ಇರುವುದಾದರೆ, ಪ್ರಜಾಪ್ರಭುತ್ವವು ಬಡವರಿಗೆ ನಿಜವಾಗಿ ಕೊಟ್ಟದ್ದು ಏನು ಎಂಬುದನ್ನು ಇಲ್ಲಿ ಚರ್ಚಿಸೋಣ ಎಂದು ಕೇಳಿಕೊಳ್ಳುತ್ತೇನೆ. ಕೊಟ್ಟೇ ಇಲ್ಲ ಎಂದು ಹೇಳುವಷ್ಟು ನಿರಾಶೆ ನನಗೆ ಇಲ್ಲ. ಆದರೆ ಕೊಟ್ಟಾಗಿದೆ ಎಂದು ಸಭೆಗಳಲ್ಲಿ ಭಾಷಣ ಮಾಡುವವರನ್ನು ಕಂಡರೆ ಒಮ್ಮೆ ನಮ್ಮ ಕಚೇರಿಗೆ ಕರೆತರಬೇಕು ಎನ್ನಿಸುತ್ತದೆ.

ಹಳೇ ಮಂಡಲ ಸದಸ್ಯ:

ಕೆರೆಕೋಡಿಯವರೇ, ನಾನು 1987ರ ಜನವರಿಯ ಚುನಾವಣೆಯಲ್ಲಿ ಮಂಡಲ ಪಂಚಾಯಿತಿಗೆ, ಎಂದರೆ ಅಂದಿನ ಹಳ್ಳಿಗಳ ಗುಂಪಿನ ಪಂಚಾಯಿತಿಗೆ, ಆಯ್ಕೆಯಾದವನು. ಅಂದಿನ ಸ್ಥಿತಿಯನ್ನು ಕಣ್ಣಾರೆ ಕಂಡವನಾದ್ದರಿಂದ, ನಿಮ್ಮ ಅಧ್ಯಕ್ಷರ ಅಸಹಾಯಕತೆಯನ್ನು ಮಾತ್ರ ನೋಡಿದರೆ ಕಥೆಯ ಅರ್ಧ ಭಾಗ ತಪ್ಪಿಹೋಗುತ್ತದೆ ಎಂದು ಹೇಳಬಯಸುತ್ತೇನೆ.

ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ಜನ ನೀರ್ ಸಾಬ್ ಎಂದು ಕರೆಯುತ್ತಿದ್ದುದು ಕೊಳವೆ ಬಾವಿಗಳಿಂದಾಗಿ. ಆದರೆ ಅವರ ದೊಡ್ಡ ಕೆಲಸ 1983ರ ಕಾಯ್ದೆ. ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಆ ಕಾಯ್ದೆ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಕೊಟ್ಟು, ಹಿರಿಯ ಐಎಎಸ್ ಅಧಿಕಾರಿಯನ್ನು ಅವರ ಕೈಕೆಳಗೆ ಕೂರಿಸಿತು. ಶಾಲೆಯ ಮೇಷ್ಟ್ರು ಬಾರದಿದ್ದರೆ ನಾವು ಕೇಳಬಹುದಾಗಿತ್ತು, ಕೇಳಿದರೆ ಉತ್ತರ ಬರುತ್ತಿತ್ತು. ನಮ್ಮ ಮಂಡಲದಲ್ಲಿ ಆಯ್ಕೆಯಾಗಿದ್ದ ಕುರಿಗಾಹಿಯೊಬ್ಬರು ಮೊದಲ ಸಭೆಯಲ್ಲಿ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಒಂದು ವರ್ಷ ಕಳೆಯುವಷ್ಟರಲ್ಲಿ ಆಸ್ಪತ್ರೆಯ ಔಷಧಿ ದಾಸ್ತಾನಿನ ಪುಸ್ತಕವನ್ನು ಮೇಜಿನ ಮೇಲೆ ತರಿಸಿ ಓದಿಸುವ ಹಂತಕ್ಕೆ ಅವರು ಬಂದಿದ್ದರು.

ಅದನ್ನು ಕೆಡಿಸಿದವರು ಊರಿನ ಯಜಮಾನರಲ್ಲ, ಬೆಂಗಳೂರಿನವರು. 1992ರಲ್ಲಿ ಅವಧಿ ಮುಗಿದಾಗ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ನೇಮಿಸಲಾಯಿತು. ಈಗಲೂ ಅದೇ ಹಾಡು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎನ್ನುತ್ತ ವರ್ಷಗಳು ಉರುಳಿದವು. ಐದು ವರ್ಷ ಮುಗಿಯುವುದರೊಳಗೆ ಚುನಾವಣೆ ಆಗಬೇಕು ಎಂದು ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ವಿಧಾನಸಭೆಯ ಚುನಾವಣೆಯನ್ನು ಹೀಗೆ ಮುಂದೂಡಿದ್ದರೆ ನಾಡು ಸುಮ್ಮನಿರುತ್ತಿತ್ತೇ? ಬಡವರು ನಡೆದುಕೊಂಡು ಹೋಗಿ ಮುಟ್ಟಬಹುದಾದ ಮೆಟ್ಟಿಲುಗಳನ್ನೇ ಕಿತ್ತಿಟ್ಟು, ಮೇಲಿನ ಅಟ್ಟದಲ್ಲಿ ಪ್ರಜಾಪ್ರಭುತ್ವ ಇದೆ ಎಂದು ತೋರಿಸಲಾಗುತ್ತಿದೆ. ಶಾಸಕರಿಗೆ ತಮ್ಮ ಕ್ಷೇತ್ರದಲ್ಲಿ ಮತ್ತೊಬ್ಬ ಬಲಿಷ್ಠ ಪ್ರತಿನಿಧಿ ಬೇಕಿಲ್ಲ. ಈ ವಿಷಯದಲ್ಲಿ ಪಕ್ಷಭೇದವಿಲ್ಲ ಎಂಬುದು ನನ್ನ ಅನುಭವ.

ಲೆಕ್ಕಿಗ:

ಇಬ್ಬರೂ ಹಿರಿಯರು ಬರೆದದ್ದನ್ನು ಓದಿದೆ. ನನ್ನ ಅಭಿಪ್ರಾಯ ಇದಕ್ಕಿಂತ ಕಟುವಾಗಿದೆ. ಚುನಾವಣೆಗೆ ನಿಲ್ಲುವುದೇ ಬಡವನಿಗೆ ಸಾಧ್ಯವಿಲ್ಲದಿರುವಾಗ, ಯಾರಿಗೆ ಮತ ಹಾಕಬೇಕು ಎಂಬ ಸ್ವಾತಂತ್ರ್ಯ ಯಾವ ಯಜಮಾನನನ್ನು ಆರಿಸಿಕೊಳ್ಳಬೇಕು ಎಂಬ ಸ್ವಾತಂತ್ರ್ಯವಾಗಿ ಉಳಿಯುತ್ತದೆ. ವಿಧಾನಸಭೆಯ ಅಭ್ಯರ್ಥಿ ಕಾನೂನುಬದ್ಧವಾಗಿಯೇ 40 ಲಕ್ಷ ರೂಪಾಯಿ ಖರ್ಚು ಮಾಡಬಹುದು, ಲೋಕಸಭೆಯ ಅಭ್ಯರ್ಥಿ 95 ಲಕ್ಷ. ನಿಜವಾದ ಖರ್ಚು ಎಷ್ಟು ಎಂಬುದನ್ನು ಊರಿನ ಯಾವ ಚಹಾದಂಗಡಿಯಲ್ಲಿ ಕೇಳಿದರೂ ನಕ್ಕು ಹೇಳುತ್ತಾರೆ. 2023ರಲ್ಲಿ ನಮ್ಮ ವಿಧಾನಸಭೆಗೆ ಗೆದ್ದು ಬಂದವರ ಪೈಕಿ ಶೇ. 90ಕ್ಕೂ ಹೆಚ್ಚು ಮಂದಿ ಕೋಟಿಗೂ ಮೀರಿದ ಆಸ್ತಿಯನ್ನು ತಮ್ಮ ಪ್ರಮಾಣಪತ್ರಗಳಲ್ಲಿ ತಾವೇ ಘೋಷಿಸಿಕೊಂಡವರು. ರಾಜ್ಯದಲ್ಲಿ ಕೋಟ್ಯಧಿಪತಿಗಳ ಪ್ರಮಾಣ ಅಷ್ಟಿದೆಯೇ?

ಪಕ್ಷಗಳಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯುವ ಹಕ್ಕು ಕೂಡ ಮತದಾರನಿಗೆ ಇರಲಿಲ್ಲ. ಕೊಟ್ಟವರ ಹೆಸರು ಮುಚ್ಚಿಟ್ಟು ಪಕ್ಷಗಳಿಗೆ ಹಣ ಸೇರಿಸುವ ಚುನಾವಣಾ ಬಾಂಡುಗಳು 2018ರಲ್ಲಿ ಬಂದವು, 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಅವುಗಳನ್ನು ರದ್ದುಗೊಳಿಸಿತು. ಅಷ್ಟರೊಳಗೆ ಒಂದು ಲೋಕಸಭಾ ಚುನಾವಣೆಯೂ ಹಲವು ವಿಧಾನಸಭಾ ಚುನಾವಣೆಗಳೂ ಮುಗಿದುಹೋಗಿದ್ದವು. ಇನ್ನು ಗ್ರಾಮ ಪಂಚಾಯಿತಿಯ ಮಾತು. 2020ರಲ್ಲಿ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನು ದೇವಸ್ಥಾನದ ಮುಂದೆ ಹರಾಜು ಹಾಕಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವೆಲ್ಲರೂ ಓದಿದ್ದೇವೆ. ಕ್ರಮ ಕೈಗೊಳ್ಳುವುದಾಗಿ ಚುನಾವಣಾ ಆಯೋಗ ಎಚ್ಚರಿಸಬೇಕಾಯಿತು. ಸವಾಲು ಕೂಗಿದವರಲ್ಲಿ ಕೂಲಿಕಾರರು ಯಾರೂ ಇದ್ದಿರಲಾರರು. ಗುಡಿ ಕಟ್ಟಲು ಹಣ ಬಂತಲ್ಲ, ತಪ್ಪೇನು ಎಂದು ಕೇಳಿದವರನ್ನು ನಾನೇ ಕಂಡಿದ್ದೇನೆ.

ದೀವರ ಕೇರಿ:

ಲೆಕ್ಕಿಗರು ಕೊಟ್ಟ ಲೆಕ್ಕ ಸುಳ್ಳಲ್ಲ. ಆದರೆ ನಮ್ಮ ಮನೆಯ ಲೆಕ್ಕವನ್ನೂ ಸ್ವಲ್ಪ ಕೇಳಿರಿ.

ನಾವು ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯ ದೀವರು. ನಮ್ಮ ಅಜ್ಜ ಗೇಣಿದಾರರು. ಗೇಣಿ ಭತ್ತವನ್ನು ಅಳೆಯುವ ಕೊಳಗ ಒಡೆಯರದು, ಅಳೆಯುವವರು ಒಡೆಯರ ಕಡೆಯವರು. ವಾಡಿಕೆಯ ಅಳತೆಗಿಂತ ದೊಡ್ಡದಾದ ಆ ಕೊಳಗದಲ್ಲಿ ಹತ್ತು ಅಳೆದರೆ ನಮ್ಮ ಕಣಜದಿಂದ ಹತ್ತಕ್ಕಿಂತ ಹೆಚ್ಚೇ ಹೋಗುತ್ತಿತ್ತು. 1951ರ ಕಾಗೋಡು ಸತ್ಯಾಗ್ರಹ ಹೊತ್ತಿಕೊಂಡದ್ದು ಇಂಥ ಕೊಳಗದ ಜಗಳದಿಂದ. ಗಣಪತಿಯಪ್ಪನವರು ರೈತರನ್ನು ಒಟ್ಟುಗೂಡಿಸಿದರು, ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿಗಳು ಬಂದು ಸೇರಿದರು, ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಹೋರಾಟ ಅಂದು ಗೆಲ್ಲಲಿಲ್ಲ ಎಂಬುದನ್ನು ಮರೆಯಬಾರದು. ನಮ್ಮ ಅಜ್ಜನಂತೆ ಒಕ್ಕಲೆಬ್ಬಿಸಿಕೊಂಡವರು ಹಲವರು.

ಆದರೆ ಮರುವರ್ಷವೇ ಮೊದಲ ಸಾರ್ವತ್ರಿಕ ಚುನಾವಣೆ. ಒಡೆಯರ ಅಂಗಳದಲ್ಲಿ ಮೆಟ್ಟು ಬಿಚ್ಚಿ ನಿಲ್ಲುತ್ತಿದ್ದ ಜನ 1952ರಲ್ಲಿ ಗೋಪಾಲಗೌಡರನ್ನು ಗೆಲ್ಲಿಸಿ ವಿಧಾನಸಭೆಗೆ ಕಳಿಸಿದರು. ಗೌಡರ ಬಳಿ ಹಣವಿರಲಿಲ್ಲ. ಅಲ್ಲಿಂದ ಉಳುವವನೇ ಹೊಲದೊಡೆಯ ಎಂಬ ಮಾತು ಕಾನೂನಾಗುವುದಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಗೋಪಾಲಗೌಡರು ತೀರಿಕೊಂಡು ಎರಡು ವರ್ಷ ಆಗುತ್ತ ಬಂದಿತ್ತು. ನಮೂನೆ 7ರಲ್ಲಿ ಅರ್ಜಿ ಕೊಟ್ಟರೆ ಸಾಕು, ಭೂ ನ್ಯಾಯಮಂಡಳಿ ತೀರ್ಮಾನಿಸುತ್ತಿತ್ತು. ಉಪವಿಭಾಗಾಧಿಕಾರಿಯ ಪಕ್ಕದಲ್ಲಿ ಅಧಿಕಾರಿಗಳಲ್ಲದ ಸದಸ್ಯರೂ ಕೂರುತ್ತಿದ್ದರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕಿತ್ತು. ಮೊದಲಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಈ ಕೊನೆಯ ನಿಯಮದ ಬೆಲೆ ಏನೆಂಬುದು ಕೋರ್ಟಿನ ಜಗುಲಿಯಲ್ಲಿ ದಿನಗಟ್ಟಲೆ ಕುಳಿತವರಿಗೆ ಗೊತ್ತು. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದು, ನಾಲ್ಕು ಲಕ್ಷಕ್ಕೂ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನವಾದವು. ನಮ್ಮ ಅಪ್ಪನಿಗೆ ಒಂದೂವರೆ ಎಕರೆ ಗದ್ದೆ ಬಂತು. ಅಜ್ಜಿ ಮಾತ್ರ ಬಹಳ ವರ್ಷ ಆ ಗದ್ದೆಯನ್ನು ಒಡೆಯರ ಗದ್ದೆ ಎಂದೇ ಕರೆಯುತ್ತಿದ್ದರು.

ಮತ ಒಂದರಿಂದಲೇ ಇದಾಯಿತೆಂದು ನಾನು ಹೇಳುವುದಿಲ್ಲ, ಆದರೆ ಮತವಿಲ್ಲದೆ ಆಗುತ್ತಿರಲಿಲ್ಲ. ಇನ್ನೊಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಗೇಣಿದಾರನಿಗೆ ಭೂಮಿ ಸಿಕ್ಕಿತು. ಅದೇ ಗದ್ದೆಯಲ್ಲಿ ಕೂಲಿಯಾಗಿದ್ದ ದಲಿತನಿಗೆ ತೋರಿಸಲು ಗೇಣಿಯೂ ಇರಲಿಲ್ಲ, ಚೀಟಿಯೂ ಇರಲಿಲ್ಲ. ಕೆರೆಕೋಡಿಯವರ ಅಧ್ಯಕ್ಷರು ಇವತ್ತು ಯಾರ ಮುಂದೆ ಎದ್ದು ನಿಲ್ಲುತ್ತಿದ್ದಾರೆ ಎಂಬುದಕ್ಕೆ ಅಲ್ಲಿಯೇ ಒಂದು ಎಳೆ ಇದೆ.

ಲೆಕ್ಕಿಗ:

ದೀವರ ಕೇರಿಯವರ ಬರಹ ಮನಸ್ಸಿಗೆ ತಟ್ಟಿತು. ಆದರೂ ಒಂದು ಕಸಿವಿಸಿಯ ಪ್ರಶ್ನೆ ಕೇಳಲೇಬೇಕು. ಜೀತ ವಿಮುಕ್ತಿಯ ಸುಗ್ರೀವಾಜ್ಞೆ 1975ರ ಅಕ್ಟೋಬರಿನದು, ನಮ್ಮ ರಾಜ್ಯದ ಋಣ ಪರಿಹಾರ ಕಾಯ್ದೆ 1976ರದು. ಎರಡೂ ತುರ್ತು ಪರಿಸ್ಥಿತಿಯ ಕಾಲದವು, ಎಂದರೆ ಪ್ರಜಾಪ್ರಭುತ್ವದ ಬಾಯಿಗೆ ಬೀಗ ಬಿದ್ದಿದ್ದ ಕಾಲದವು. ಹಾಗಾದರೆ ಬಡವರಿಗೆ ಒಳಿತಾದದ್ದು ಚುನಾವಣೆಯಿಂದಲೋ ಅಥವಾ ಒಬ್ಬ ನಾಯಕನ ಇಚ್ಛೆಯಿಂದಲೋ?

ಹಳೇ ಮಂಡಲ ಸದಸ್ಯ:

ಒಳ್ಳೆಯ ಪ್ರಶ್ನೆ. ಭೂಸುಧಾರಣೆಯ ಕಾಯ್ದೆ ತುರ್ತು ಪರಿಸ್ಥಿತಿಗಿಂತ ಮೊದಲೇ ಬಂದಿತ್ತು ಎಂಬುದನ್ನು ಮೊದಲು ಗಮನಿಸಿ. 1977ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಇಂದಿರಾ ಅವರ ಕಾಂಗ್ರೆಸ್ ನೆಲಕಚ್ಚಿದಾಗ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು. 1978ರಲ್ಲಿ ಅರಸರು ಮತ್ತೆ ಗೆದ್ದರು. ಸೆರೆಮನೆಗೆ ಹೋಗಿ ಬಂದ ನಮ್ಮಂಥವರಿಗೆ ಅದು ಕಹಿಯಾಗಿತ್ತು. ಓದಿದವರಿಗೆ ಮಾತಿನ ಸ್ವಾತಂತ್ರ್ಯ ದೊಡ್ಡದಾಗಿ ಕಂಡಾಗ, ಗೇಣಿದಾರನಿಗೆ ನಮೂನೆ 7ರ ರಸೀದಿ ದೊಡ್ಡದಾಗಿ ಕಂಡಿತ್ತು. ಅವನ ಮತವನ್ನು ಅಜ್ಞಾನ ಎಂದು ಆಗ ನಾನು ಕರೆದಿದ್ದೆ. ಈಗ ಕರೆಯಲಾರೆ.

ಎಡೆದೊರೆ:

ನಾನು ರಾಯಚೂರು ಜಿಲ್ಲೆಯವಳು, ಕೂಲಿಕಾರ ಹೆಣ್ಣುಮಕ್ಕಳ ಜೊತೆ ಹದಿನೈದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಇಲ್ಲಿಯವರೆಗಿನ ಮಾತೆಲ್ಲ ಯಾರು ಗೆಲ್ಲುತ್ತಾರೆ, ಯಾರು ಕುರ್ಚಿಯಲ್ಲಿ ಕೂರುತ್ತಾರೆ ಎಂಬುದರ ಸುತ್ತಲೇ ತಿರುಗುತ್ತಿದೆ. ಎರಡು ಚುನಾವಣೆಗಳ ನಡುವಿನ ಸಾವಿರದ ಎಂಟುನೂರು ದಿನಗಳಲ್ಲಿ ಏನಾಗುತ್ತದೆ ಎಂಬುದನ್ನು ಹೇಳಲು ಬಂದಿದ್ದೇನೆ.

ಉದ್ಯೋಗ ಖಾತರಿಯ 2005ರ ಕಾಯ್ದೆಯಲ್ಲಿ ಒಂದು ಸಣ್ಣ ಕೀಲಿಕೈ ಇತ್ತು. ನಮೂನೆ 6ರಲ್ಲಿ ಕೆಲಸ ಕೇಳಿದರೆ ದಿನಾಂಕ ಹಾಕಿದ ಸ್ವೀಕೃತಿ ಕೊಡಬೇಕು, ಹದಿನೈದು ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಅರ್ಜಿಯನ್ನು ಎಲ್ಲರೂ ತೆಗೆದುಕೊಳ್ಳುತ್ತಿದ್ದರು, ಸ್ವೀಕೃತಿಯನ್ನು ಮಾತ್ರ ಯಾರೂ ಕೊಡುತ್ತಿರಲಿಲ್ಲ. ದಿನಾಂಕವಿಲ್ಲದ ಮೇಲೆ ಹದಿನೈದು ದಿನವನ್ನು ಎಲ್ಲಿಂದ ಎಣಿಸುವುದು? ಒಮ್ಮೆ ನಮ್ಮ ಒಂದು ಊರಿನಿಂದ ನಾಲ್ಕು ಮಂದಿ ಹೋದಾಗ ‘ನಾಳಿ ಬರ್ರಿ, ಸಾಹೇಬ್ರು ಇಲ್ಲ’ ಎಂಬ ಉತ್ತರ ಬಂತು. ಮರುದಿನ ನಲವತ್ತು ಮಂದಿ ಬುತ್ತಿ ಕಟ್ಟಿಕೊಂಡು ಹೋಗಿ ಕಟ್ಟೆಯ ಮೇಲೆ ಕುಳಿತರು. ಮಧ್ಯಾಹ್ನ ರೊಟ್ಟಿ ಬಿಚ್ಚುವ ಹೊತ್ತಿಗೆ ಒಳಗಿನಿಂದ ರಬ್ಬರ್ ಮೊಹರು ಬಿತ್ತು. ಮತ ಹಾಕಲು ಹೋದಾಗಲೂ ಅವರು ಅದೇ ನಲವತ್ತು ಮಂದಿ, ಅದೇ ಕಟ್ಟಡ. ಆದರೆ ಅಂದು ಸಿಕ್ಕದ್ದು ಬೆರಳಿನ ಮೇಲಿನ ಶಾಯಿ, ಇಂದು ಸಿಕ್ಕದ್ದು ಕೈಯಲ್ಲಿ ಹಿಡಿಯಬಹುದಾದ ಕಾಗದ.

ಹಾಗೆಂದು ಒಟ್ಟಾಗಿ ಹೋದರೆ ಎಲ್ಲವೂ ಆಗುತ್ತದೆ ಎಂಬ ಭ್ರಮೆ ನನಗಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರು. 2007ರಲ್ಲಿ ಸಾರಾಯಿ ನಿಂತಿತ್ತು, ಆ ಜಾಗಕ್ಕೆ ಅಗ್ಗದ ಪೊಟ್ಟಣದ ವಿಸ್ಕಿ ಬಂದಿತ್ತು, ಕಿರಾಣಿ ಅಂಗಡಿಗಳಲ್ಲಿಯೂ ಕದ್ದು ಮಾರಲಾಗುತ್ತಿತ್ತು. ಊರೂರಿನ ಗ್ರಾಮಸಭೆಗಳಲ್ಲಿ ನಿರ್ಣಯಗಳಾದವು. ಅಷ್ಟು ದೂರ ನಡೆದವರಿಗೆ ಸಿಕ್ಕದ್ದು ಭರವಸೆ. 2023-24ರಲ್ಲಿ ರಾಜ್ಯದ ಅಬಕಾರಿ ಆದಾಯ ಮೂವತ್ತು ಸಾವಿರ ಕೋಟಿ ರೂಪಾಯಿ ದಾಟಿತು. ಸರ್ಕಾರಕ್ಕೆ ಅಷ್ಟು ದೊಡ್ಡ ಆದಾಯ ಇರುವ ಕಡೆ ಗ್ರಾಮಸಭೆಯ ನಿರ್ಣಯ ಬರೀ ಕಾಗದವಾಗಿ ಉಳಿಯುತ್ತದೆ.

ಕೂಲಿಗಾಗಿ ಗುಳೆ ಹೋದವರ ಮಾತನ್ನೂ ಸೇರಿಸುತ್ತೇನೆ. ಬೆಂಗಳೂರಿನ ಕಟ್ಟಡಗಳಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿರುವ ನಮ್ಮ ಜನರ ಮತ ಊರಿನಲ್ಲಿದೆ. ಚುನಾವಣೆ ಬಂದರೆ ಅಭ್ಯರ್ಥಿಗಳ ಕಡೆಯವರು ಬಸ್ಸು ಮಾಡಿ ಕರೆತರುತ್ತಾರೆ, ಮತ ಹಾಕಿಸಿ ಮರಳಿ ಹತ್ತಿಸುತ್ತಾರೆ. ಅವರು ಬದುಕುವ ವಾರ್ಡಿನಲ್ಲಿ ಅವರಿಗೆ ಮತವಿಲ್ಲ, ಮತವಿರುವ ವಾರ್ಡಿನಲ್ಲಿ ಅವರ ಬದುಕಿಲ್ಲ. ಕೆಲಸದ ಜಾಗದಲ್ಲಿ ನೀರಿನ ಟ್ಯಾಂಕರ್ ಬಾರದಿದ್ದರೆ ಅವರು ಯಾವ ಸದಸ್ಯನನ್ನು ಹೋಗಿ ಕೇಳಬೇಕು?

ಮೆಜೆಸ್ಟಿಕ್:

ಬೆಂಗಳೂರಿನಲ್ಲಿ ಕೇಳಬೇಕೆಂದರೂ ಸದಸ್ಯರೇ ಇರಲಿಲ್ಲ, ಅಕ್ಕ. ಪಾಲಿಕೆಗೆ 2015ರಲ್ಲಿ ಚುನಾವಣೆಯಾಯಿತು, 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿಯೇ ಇತ್ತು.

ನನ್ನದೊಂದು ಬೇರೆ ಪ್ರಶ್ನೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಆಗಸ್ಟಿನಿಂದ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ. ಬಡವರ ಮತಕ್ಕೆ ಬೆಲೆ ಇರುವುದರಿಂದಲೇ ಇವು ಬಂದವು ಎನ್ನಬಹುದಲ್ಲವೇ? ನಮ್ಮ ಕಚೇರಿಯಲ್ಲಿ ಇದನ್ನು ಬಿಟ್ಟಿ ಭಾಗ್ಯ ಎಂದು ಹಂಗಿಸುವವರೇ ಹೆಚ್ಚು.

ಎಡೆದೊರೆ:

ಬಂದದ್ದು ಮತದಿಂದಲೇ, ಸಂಶಯವಿಲ್ಲ. ನಮ್ಮ ಮಹಿಳೆಯೊಬ್ಬರು ಆ ಹಣದಲ್ಲಿ ಸಾಲದವನ ಬಡ್ಡಿ ತೀರಿಸಿ, ಈಗ ಅವನ ಮನೆಯ ಮುಂದೆ ನಡೆದುಹೋಗುವಾಗ ಸೆರಗು ಮುಖಕ್ಕೆ ಎಳೆದುಕೊಳ್ಳುವುದಿಲ್ಲ. ಅದನ್ನು ಬಿಟ್ಟಿ ಎನ್ನುವವರಿಗೆ ಆ ಬಡ್ಡಿಯ ಲೆಕ್ಕ ಗೊತ್ತಿಲ್ಲ. ಆದರೆ ಎರಡು ತಿಂಗಳು ಹಣ ಬಾರದಿದ್ದಾಗ ಯಾರನ್ನು ಕೇಳಬೇಕೆಂದು ಅದೇ ಮಹಿಳೆಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಪಂಚಾಯಿತಿಯಲ್ಲಿ ಬ್ಯಾಂಕು ಎಂದರು, ಬ್ಯಾಂಕಿನಲ್ಲಿ ಸರ್ವರ್ ಎಂದರು. ಹಣ ನೇರವಾಗಿ ಖಾತೆಗೆ ಬಂದರೆ ನಡುವಿನ ಕಳ್ಳರು ತಪ್ಪುತ್ತಾರೆ, ನಿಜ. ಉತ್ತರ ಹೇಳಬೇಕಾದ ಮನುಷ್ಯರೂ ಅದರ ಜೊತೆಗೇ ತಪ್ಪಿಸಿಕೊಳ್ಳುತ್ತಾರೆ.

ಕೆರೆಕೋಡಿ:

ಎಲ್ಲರ ಬರಹಗಳನ್ನೂ ಎರಡೆರಡು ಸಲ ಓದಿದೆ. ನಾನು ಚರ್ಚೆ ಆರಂಭಿಸಿದಾಗ ಅರ್ಧ ಕಥೆಯನ್ನಷ್ಟೇ ಹೇಳಿದ್ದೆ, ಉಳಿದದ್ದನ್ನು ಈಗ ಹೇಳುತ್ತೇನೆ.

ಡಾಂಗಲ್ಲನ್ನು ವಾಪಸು ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು ಎಂದು ಒಂದು ದಿನ ನಾನೇ ಅಧ್ಯಕ್ಷರಿಗೆ ಉಪದೇಶ ಮಾಡಿದೆ. ಅವರು ಪತ್ರಿಕೆಯನ್ನು ಮಡಿಸಿ ಮೇಜಿನ ಮೇಲಿಟ್ಟು, ‘ಇಸ್ಕೊಂಡ್ರೆ ನಾಳೆಯಿಂದ ತೋಟದ ಕೆಲಸ ಇರಲ್ಲ ಸಾರ್, ಕೆಲಸ ನೀವು ಕೊಡ್ತೀರಾ?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅಧ್ಯಕ್ಷರ ಗೌರವಧನವೇ ತಿಂಗಳಿಗೆ ಆರು ಸಾವಿರ, ಅದೂ 2022ರಲ್ಲಿ ಮೂರು ಸಾವಿರದಿಂದ ಏರಿಸಿದ ಮೇಲೆ. ಸದಸ್ಯರಿಗೆ ಎರಡು ಸಾವಿರ. 2024-25ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ ಇತ್ತು. ಸದಸ್ಯರ ಇಡೀ ತಿಂಗಳ ಗೌರವಧನ ಆರು ದಿನದ ಕೂಲಿಗೂ ಸಮನಾಗುವುದಿಲ್ಲ. ಬಡವರು ಅಧಿಕಾರ ನಡೆಸಬೇಕೆಂದು ಬಯಸುವ ವ್ಯವಸ್ಥೆ ಅವರ ಊಟದ ಚಿಂತೆಯನ್ನು ತೋಟದ ಯಜಮಾನರಿಗೇ ಬಿಟ್ಟುಕೊಟ್ಟಿದೆ.

ಮುಂದೆ ನಡೆದದ್ದು ಇಷ್ಟು. ಒಂದು ಬೇಸಿಗೆಯಲ್ಲಿ ಕೆರೆ ಹೂಳೆತ್ತುವ ಕೆಲಸ ಎರಡು ತಿಂಗಳು ನಡೆಯಿತು, ಅಧ್ಯಕ್ಷರ ಮನೆಯವರು ತೋಟಕ್ಕೆ ಹೋಗದೆ ಅಲ್ಲಿಗೆ ಹೋದರು. ಆ ಎರಡು ತಿಂಗಳಲ್ಲಿ ಅವರ ಕೇರಿಯ ಚರಂಡಿಯ ಬಿಲ್ಲು ಬಂತು. ಚರಂಡಿ ಅರ್ಧಕ್ಕೆ ನಿಂತಿತ್ತು, ಬಿಲ್ಲು ಪೂರ್ತಿಯದಾಗಿತ್ತು. ಡಾಂಗಲ್ ಕಿಸೆಯಲ್ಲಿದ್ದರೂ ಅದರ ಗುಪ್ತ ಸಂಖ್ಯೆ ಬದಲಾಗಿತ್ತು ಎಂಬುದು ಯಜಮಾನರಿಗೆ ಅಂದೇ ತಿಳಿದದ್ದು. ಕಂಪ್ಯೂಟರ್ ಕೆಲಸದ ಹುಡುಗ ಅದನ್ನು ಯಾರ ಮಾತಿಗೆ ಬದಲಿಸಿದನೋ, ಅವನೂ ಹೇಳಲಿಲ್ಲ, ಅಧ್ಯಕ್ಷರೂ ಹೇಳಲಿಲ್ಲ. ಮೂವತ್ತು ತಿಂಗಳ ಮೊದಲ ಅವಧಿ ಮುಗಿದು ಅಧ್ಯಕ್ಷ ಸ್ಥಾನ ಬೇರೆ ವರ್ಗಕ್ಕೆ ಹೋದ ಮೇಲೆ ಆ ಬಿಲ್ಲು ಪಾವತಿಯಾಯಿತು. ಆದ್ದರಿಂದ ಇದನ್ನು ಗೆಲುವಿನ ಕಥೆ ಎಂದು ಯಾರೂ ಓದಬಾರದು. ಚರಂಡಿ ಈಗಲೂ ಅರ್ಧಕ್ಕೇ ನಿಂತಿದೆ.

ದೀವರ ಕೇರಿ:

ಅವರು ಈಗ ಏನು ಮಾಡುತ್ತಿದ್ದಾರೆ?

ಕೆರೆಕೋಡಿ:

ಸದಸ್ಯರಾಗಿ ಉಳಿದರು, ಬೇರೊಬ್ಬರ ತೋಟದಲ್ಲಿ ಕೆಲಸ ಹಿಡಿದರು. ಈ ಸಲದ ಗ್ರಾಮಸಭೆಯ ನೋಟಿಸನ್ನು ನಮ್ಮ ಗ್ರಂಥಾಲಯದ ಬಾಗಿಲಿಗೆ ಅಂಟಿಸಿದ ದಿನ ಸಂಜೆ ಅದನ್ನು ಓದಲು ಬಂದಿದ್ದರು. ಸಭೆ ಇರುವುದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ಅದೂ ಅಡಿಕೆಯ ಕೊನೆಗೊಯ್ಲು ಭರದಿಂದ ನಡೆದಿರುವಾಗ. ಆ ಹೊತ್ತಿನಲ್ಲಿ ಅವರ ಕೇರಿಯಲ್ಲಿ ಮುದುಕರು ಮತ್ತು ನಾಯಿಗಳನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಕಳೆದ ಸಲವೂ ಹೀಗೆಯೇ ಆಗಿತ್ತು. ನಡಾವಳಿ ಪುಸ್ತಕವನ್ನು ಆಮೇಲೆ ಮನೆಮನೆಗೆ ಕಳಿಸಿ ಹಾಜರಿ ಸಹಿ ಹಾಕಿಸಿಕೊಂಡಿದ್ದರು. ಸಭೆಯನ್ನು ಭಾನುವಾರ ಸಂಜೆಗೆ ಹಾಕಬೇಕೆಂದು ಅರ್ಜಿ ಬರೆದುಕೊಡಿ ಎಂದು ಅವರು ಕೇಳಿದರು. ಎಡೆದೊರೆಯವರ ಮಾತು ನೆನಪಿದ್ದುದರಿಂದ, ಒಬ್ಬರೇ ಹೋಗಬೇಡಿ, ಸ್ವೀಕೃತಿ ಇಲ್ಲದೆ ಬರಬೇಡಿ ಎಂದು ಹೇಳಿ ಬರೆದುಕೊಟ್ಟೆ. ನಿನ್ನೆ ಅವರ ಕೇರಿಯಿಂದ ಹನ್ನೊಂದು ಹೆಂಗಸರು ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು. ಮೊಹರು ಹಾಕಿ ದಿನಾಂಕ ಬರೆದು ಕೊಟ್ಟಿದ್ದಾರೆ. ಸಭೆಯ ದಿನ ಇನ್ನೂ ಬದಲಾಗಿಲ್ಲ.